ಮನೇಲೇ ಕೂತು ಮ್ಯೂಸಿಕ್ ಝೀನ್ (ಅಭಿಮಾನಿಗಳೇ ಸ್ವಂತ ಮಾಡಿ ಹಂಚೋ ಪುಟ್ಟ ಪತ್ರಿಕೆ) ತಂದವರು ಇಲ್ಲಿ ಯಾರಾದ್ರೂ ಇದೀರಾ?

ಗಾಂಧಿಬಜಾರ್_ಬೇಸ್:
ಎಲ್ರಿಗೂ ನಮಸ್ಕಾರ. ಲಂಡನ್ನಿನ ಸ್ನಿಫಿನ್ ಗ್ಲೂ ಅನ್ನೋ ಪಂಕ್ ರಾಕ್ ಝೀನ್ ಬಗ್ಗೆ ಓದ್ತಾ ಇದ್ದೆ, 1976ರಲ್ಲಿ ಮಾರ್ಕ್ ಪೆರಿ ಅಂತ ಒಬ್ಬ ಬ್ಯಾಂಕ್ ಗುಮಾಸ್ತ ಟೈಪ್‌ರೈಟರಲ್ಲಿ ಕುಟ್ಟಿ, ಹೆಡ್ಡಿಂಗ್ ಸ್ಕೆಚ್ ಪೆನ್ನಲ್ಲಿ ಗೀಚಿ, ಜೆರಾಕ್ಸ್ ಹೊಡೆಸಿ ಮಾರಿದ್ನಂತೆ. ತಪ್ಪಾದ ಪದಗಳ ಮೇಲೆ ಕಾಟು ಹಾಕಿ ಹಾಗೇ ಬಿಟ್ಟಿದಾನೆ! ಗಿಟಾರಿನ ಮೂರು ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಚಿತ್ರ ಬರೆದು ಇಷ್ಟು ಸಾಕು, ಹೋಗಿ ಬ್ಯಾಂಡ್ ಕಟ್ಟಿ ಅನ್ನೋ ಫೇಮಸ್ ಪೇಜೂ ಅದರದ್ದೇ ಅಲ್ವಾ? ನಮ್ ಬೆಂಗಳೂರಲ್ಲಿ ಆಗ ಹೆವಿ ಮೆಟಲ್ ರಾಕ್ ಕೇಳ್ತಿದ್ದವರು ಹೀಗೆ ಏನಾದ್ರೂ ಮಾಡಿದ್ರಾ? ಬ್ಯಾಂಡುಗಳ ಅಡ್ರೆಸ್ ಎಲ್ಲಿ ಸಿಕ್ತಿತ್ತು, ದುಡ್ಡು ಯಾರದ್ದು? ನಾನೂ ಒಂದು ಪೇಪರಲ್ಲೇ ತರೋಣ ಅಂತಿದೀನಿ. ನಗಬೇಡಿ.

ಹಳೇ_ಕ್ಯಾಸೆಟ್:
ನಗಲ್ಲ ಗುರು, ನಾನೇ ಆ ಹುಚ್ಚು ಹತ್ತಿಸ್ಕೊಂಡಿದ್ದೆ. 92ರಿಂದ 95, ಒಟ್ಟು ನಾಲ್ಕೇ ಸಂಚಿಕೆ. ಮೊದ್ಲು ಒಂದು ಮಾತು, ಆ ಮೂರು ಕಾರ್ಡ್ ಪೇಜು ಸ್ನಿಫಿನ್ ಗ್ಲೂದಲ್ಲ, ಸೈಡ್‌ಬರ್ನ್ಸ್ ಅನ್ನೋ ಬೇರೆ ಝೀನಿಂದು, ಎಲ್ರೂ ಹೀಗೇ ತಪ್ಪು ಹೇಳ್ತಾರೆ.

ನಮ್ದು ಎ4 ಹಾಳೆ ಮಡಚಿ 16 ಪೇಜು, ಅಂದ್ರೆ ನಾಲ್ಕು ಹಾಳೆ, ಎರಡೂ ಕಡೆ. 1ರ ಪಕ್ಕ 16, 2ರ ಪಕ್ಕ 15, ಅಕ್ಕಪಕ್ಕದ ನಂಬರ್ ಕೂಡಿದ್ರೆ ಯಾವಾಗ್ಲೂ 17 ಬರ್ಬೇಕು, ಇಲ್ಲಾಂದ್ರೆ ಎಡವಟ್ಟು. ನಾನು ಲೆಕ್ಕ ಸರಿಯಾಗೇ ಹಾಕಿದ್ದೆ ಆದ್ರೆ ಜೆರಾಕ್ಸ್ ಅಂಗಡಿ ಹುಡುಗ ಮೂರನೇ ಹಾಳೆನ ಹಿಂದು ಮುಂದು ಹಾಕ್ಬಿಟ್ಟ, 40 ಕಾಪೀಲೂ 6, 11ನೇ ಪೇಜು ತಲೆಕೆಳಗೆ. ಮತ್ತೆ ಹೊಡೆಸೋಕೆ ಕಾಸಿಲ್ಲ, ಹಾಗೇ ಕಳಿಸಿದೆ. ಒಬ್ಬ ಅಂತೂ ಐಡಿಯಾ ಸೂಪರ್ ಅಂತ ಬರೆದಿದ್ದ!! ಫೋಟೋ ಇನ್ನೊಂದು ಗೋಳು, ಸ್ಟುಡಿಯೋ ಫೋಟೋ ಜೆರಾಕ್ಸಲ್ಲಿ ಬರೀ ಕರೀ ಮುದ್ದೆ, ಅದೇ ಮ್ಯಾಗಝೀನಿಂದ ಕತ್ತರಿಸಿದ್ದಾದ್ರೆ ಚುಕ್ಕಿ ಚುಕ್ಕಿ ಇರುತ್ತಲ್ಲ, ಚೆನ್ನಾಗಿ ಬೀಳ್ತಿತ್ತು. ಅಂಟಿಸಿದ ಚೂರಿನ ಅಂಚಿಗೆಲ್ಲ ವೈಟ್ನರ್ ಬಳೀಬೇಕು, ಇಲ್ದಿದ್ರೆ ಸುತ್ತ ಕಪ್ಪು ಗೆರೆ.

ಅಡ್ರೆಸ್ಸಾ? ಯಾರ ಕಾಗದ ಬಂದ್ರೂ ಒಳಗೆ ವಿಸಿಟಿಂಗ್ ಕಾರ್ಡ್ ಸೈಝಿನ, ಅಡ್ರೆಸ್ ಇರೋ ಫ್ಲೈಯರ್ ಹತ್ತಾರು ಉದುರ್ತಿತ್ತು, ಪೋಲೆಂಡ್ ಬ್ಯಾಂಡು ಬ್ರೆಝಿಲ್ ಝೀನು ಎಲ್ಲಾ, ನೀನು ಇನ್ನೊಬ್ಬನಿಗೆ ಬರೆಯುವಾಗ ಅದನ್ನ ತುರುಕಿ ಕಳಿಸ್ಬೇಕು, ಹಾಗೇ ಊರೂರು ಸುತ್ತೋದು. ಅವ್ರ ಉತ್ತರದ ಅಂಚೆ ಖರ್ಚಿಗೆ ಡಾಲರ್ ನಮ್ಗೆಲ್ಲಿ ಸಿಗ್ಬೇಕು? ಪೋಸ್ಟ್ ಆಫೀಸಲ್ಲಿ ಇಂಟರ್‌ನ್ಯಾಷನಲ್ ರಿಪ್ಲೈ ಕೂಪನ್ ತಗೊಂಡು ಕಾಗದದ ಜೊತೆ ಇಡೋದು, ಅವ್ರು ಅವರ ಊರಲ್ಲಿ ಅದನ್ನ ಕೊಟ್ಟು ಏರ್‌ಮೇಲಿಗೆ ಸ್ಟಾಂಪ್ ತಗೋತಿದ್ರು. ಎಲ್ಲಾದ್ರೂ ಒಂದು ಡಾಲರ್ ನೋಟು ಸಿಕ್ರೆ ಕಾರ್ಬನ್ ಪೇಪರಲ್ಲಿ ಸುತ್ತಿ ಹಾಕೋದು, ಬೆಳಕಿಗೆ ಹಿಡಿದ್ರೆ ಕಾಣಬಾರ್ದು ಅಂತ. ಇಂಟರ್‌ವ್ಯೂ ಅಂದ್ರೆ 15 ಪ್ರಶ್ನೆ ಒಟ್ಟಿಗೇ ಬರೆದು ಕಳಿಸಿ ಎರಡು ತಿಂಗಳು ಕಾಯೋದು. ಒಬ್ಬ ಡ್ರಮ್ಮರ್ 15ಕ್ಕೂ ಹೌದು, ಇಲ್ಲ, ಗೊತ್ತಿಲ್ಲ ಅಂತ ಮುಗಿಸಿದ್ದ. ದುಡ್ಡು ಪೂರ್ತಿ ನಂದೇ, ಅಂದ್ರೆ ಟ್ಯೂಷನ್ ಹೇಳ್ಕೊಟ್ಟಿದ್ದು. 93ರಲ್ಲಿ ಅಲಹಾಬಾದಿಂದ ಅಮಿತ್ ಸೈಗಲ್ ಅವರ ರಾಕ್ ಸ್ಟ್ರೀಟ್ ಜರ್ನಲ್ ಅನ್ನೋ ರಾಕ್ ಮ್ಯಾಗಝೀನ್ ಬಂತು, ನೋಡಿ ಹೊಟ್ಟೆ ಉರೀತು, ಸುಳ್ಳು ಹೇಳಲ್ಲ.

ಪೋಸ್ಟ್‌ಮ್ಯಾನ್_ಮಗ:
ಸರ್, ಸ್ಟಾಂಪಿಗೆ ಸೋಪು ಸವರ್ತಿದ್ದ ವಿಷ್ಯ ಬೇಕಂತ್ಲೇ ಬಿಟ್ರಾ? ಮೇಲೆ ತೆಳ್ಳಗೆ ಸೋಪು ಬಳಿದ್ರೆ ಸೀಲಿನ ಮಸಿ ಅದರ ಮೇಲೆ ನಿಲ್ಲುತ್ತೆ, ಆಮೇಲೆ ತೊಳೆದು ಅದೇ ಸ್ಟಾಂಪ್ ಮತ್ತೆ ಹಚ್ಚೋದು. ನಮ್ಮಪ್ಪ ಹೇಳ್ತಿದ್ರು, ಸ್ಟಾಂಪು ಎಣ್ಣೆ ಹಚ್ಚಿದ ತಲೆ ಥರ ಮಿಂಚ್ತಿದ್ರೆ ನಮ್ಗೆ ಗೊತ್ತಾಗಲ್ಲ ಅನ್ಕೊಂಡಿದಾರೆ ಅಂತ.

ಹಳೇ_ಕ್ಯಾಸೆಟ್:
ಸವರಿದ್ದೆ ಕಣಪ್ಪಾ. 501 ಬಾರ್ ಸೋಪು. ಅಪ್ಪಾಜಿ ಹತ್ರ ನನ್ ಕಡೆಯಿಂದ ಸಾರಿ ಕೇಳ್ಬಿಡು.

ಧಾರವಾಡ_ಫೇಡೆ:
ಜೆರಾಕ್ಸ್ ಅಂದ್ರ ನಮಗ ಭಾಳ ತುಟ್ಟಿ ಇತ್ರೀ. ನಮ್ದು ಮೆಟಲ್ ಪಿಟಲ್ ಅಲ್ಲ, ಊರಾಗಿನ ಹಿಂದೂಸ್ತಾನಿ ಬೈಠಕ್ ಬಗ್ಗೆ ನಾಲ್ಕು ಪುಟದ ಸೈಕ್ಲೋಸ್ಟೈಲ್ (ಸ್ಟೆನ್ಸಿಲ್ಲಿನಿಂದ ಮಸಿ ಇಳಿಸಿ ಕಾಪಿ ತಗಿಯೋ) ಪತ್ರಿಕೆ, ಯಾರು ಯಾವ ರಾಗ ಹಾಡಿದ್ರು, ತಬಲಾ ಯಾರದಿತ್ತು, ಇಷ್ಟ. ಮೇಣದ ಸ್ಟೆನ್ಸಿಲ್ ಮ್ಯಾಲೆ ಮೊಳಿ ಪೆನ್ನಿಲೆ ಬರೀಬೇಕು, ಜೋರ್ ಒತ್ತಿದ್ರ ಸೊನ್ನಿ ಇದ್ದಲ್ಲೆ ಹರದು ತೂತು ಬೀಳ್ತಿತ್ತು, ಒತ್ತದಿದ್ರ ಮಸಿನ ಇಳೀತಿರಲಿಲ್ಲ. ಒಮ್ಮೆ ಯಮನ್ ಅಂತ ಬರ್ದಿದ್ದು ಯಮ ಅಂತಷ್ಟ ಮೂಡಿ ಹಾಡಿದವರ ಮನ್ಯಾಗ ಭಾಳ ಬೈಸ್ಕೊಂಡ್ವಿ.

ಗಾಂಧಿಬಜಾರ್_ಬೇಸ್:
ಯಮ 😂😂 ಸಾಕು ಸರ್ ಹೊಟ್ಟೆ ನೋವು. @ಹಳೇ_ಕ್ಯಾಸೆಟ್ ಒಂದೇ ಡೌಟು, ನಮ್ ಸ್ಟೇಪ್ಲರ್ ಹಾಳೆ ನಡುವಿನವರೆಗೆ ಹೋಗಲ್ವಲ್ಲ, ಪಿನ್ ಹೇಗೆ ಹೊಡೆದ್ರಿ?

ಹಳೇ_ಕ್ಯಾಸೆಟ್:
ಸ್ಟೇಪ್ಲರ್ ಬಾಯಿ ಪೂರ್ತಿ ತೆಗಿ, ಹಾಳೆ ಕೆಳಗೆ ಹವಾಯಿ ಚಪ್ಪಲಿ ಇಡು, ಮೇಲಿಂದ ಗುದ್ದು. ಪಿನ್ ರಬ್ಬರಿಗೆ ಇಳಿಯುತ್ತೆ, ಮೆಲ್ಲಗೆ ಎಬ್ಬಿಸಿ ಚಮಚದ ಹಿಂಬದಿಯಿಂದ ಮಡಚು. ಚಪ್ಪಲಿ ಅಮ್ಮಂದು ಬೇಡ.