ರ‍್ಯಾಪ್ ಹಾಡಿನೊಳಗಿನ ಹಳೇ ಹಾಡು ಹುಡುಕುವುದು ಹೇಗೆ?

ಬೀಟ್‌ಮರುಳ:
ಮೊನ್ನೆ ಮನೆಯಲ್ಲಿ ಟ್ರೂತ್ ಹರ್ಟ್ಸ್ ಹಾಡಿದ 'ಅಡಿಕ್ಟಿವ್' ಹಾಕಿದ್ದೆ. 2002ರ ಅಮೆರಿಕದ ಹಾಡು. ಅಡುಗೆಮನೆಯಿಂದ ಅಮ್ಮ ಬಂದು "ಇದು ಲತಾ ಅಲ್ವೇನೋ?" ಅಂದರು. ನೋಡಿದರೆ ನಿಜವೇ! 1981ರ 'ಜ್ಯೋತಿ' ಸಿನಿಮಾದ 'ಥೋಡಾ ರೇಶಮ್ ಲಗ್ತಾ ಹೈ', ಅದರ ತುಣುಕನ್ನೇ ಎತ್ತಿ ಇದರೊಳಗೆ ಸೇರಿಸಿದ್ದಾರೆ. ಅವತ್ತಿನಿಂದ ಇದೇ ಹುಚ್ಚು ನನಗೆ. ಈಗ ಯಾವುದೋ ಹಳೇ ಮಿಕ್ಸ್‌ಟೇಪಿನಲ್ಲಿ ನಾಲ್ಕು ಸೆಕೆಂಡಿನ ಒಂದು ತುಣುಕು ಸಿಕ್ಕಿದೆ, ಹೆಂಗಸಿನ ದನಿ, ಸಿಕ್ಕಾಪಟ್ಟೆ ಕೀಚಲು. ಹಾಡು ಕೇಳಿ ಹೆಸರು ಹೇಳುವ ಶಜಾಮ್ ಆ್ಯಪ್‌ಗೆ ಹತ್ತು ಸಲ ಕೇಳಿಸಿದೆ, ಜಪ್ಪಯ್ಯ ಅಂದರೂ ಹೇಳುತ್ತಿಲ್ಲ. ಅಮ್ಮನಿಗೂ ಗೊತ್ತಾಗಲಿಲ್ಲ. ನೀವೆಲ್ಲ ಹೇಗೆ ಹಿಡಿಯುತ್ತೀರಿ?

ಮೂವತ್ಮೂರು ಸುತ್ತು:
ಕೀಚಲು ಅಂದಿರಲ್ಲ, ಅದೇ ಸುಳಿವು. ವೇಗ ಏರಿಸಿದ್ದಾರೆ. 33 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಪ್ಲೇಟನ್ನು 45ರಲ್ಲಿ ತಿರುಗಿಸಿದರೆ ದನಿ ಹೆಚ್ಚುಕಮ್ಮಿ ಐದು ಸ್ವರಸ್ಥಾನ ಮೇಲೆ ಹೋಗುತ್ತದೆ, ಅಂದರೆ 'ಸ' ಇದ್ದದ್ದು ಶುದ್ಧ 'ಮ' ಆಗಿ ಕೂರುತ್ತದೆ. ಯಾವ ಗಳಿಗೆಯಲ್ಲಿ ಯಾವ ಫ್ರೀಕ್ವೆನ್ಸಿ ಜೋರಾಗಿದೆ ಅಂತ ಆ್ಯಪ್ ಒಂದು ನಕ್ಷೆ ಇಟ್ಟುಕೊಂಡಿರುತ್ತದೆ. ಶ್ರುತಿ ಸರಿದರೆ ನಕ್ಷೆ ತಾಳೆ ಆಗುವುದಿಲ್ಲ. ಅಡಾಸಿಟಿ ಅನ್ನುವ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಹಾಕಿ ವೇಗ ಇಳಿಸಿ, ಆಮೇಲೆ ಕೇಳಿಸಿ ನೋಡಿ. 'ಥ್ರೂ ದ ವೈರ್'ನಲ್ಲಿ ರ‍್ಯಾಪರ್ ಕಾನ್ಯೆ ವೆಸ್ಟ್ ಗಾಯಕಿ ಚಾಕಾ ಖಾನ್ ದನಿಯನ್ನು ಹೀಗೇ ಏರಿಸಿದ್ದು.

ಎಲ್ಲರೂ ಶೋಕಿಗೆ ಮಾಡಿದ್ದಲ್ಲ ಮತ್ತೆ. ಹಾಡಿನ ತುಣುಕು ತುಂಬಿಕೊಂಡು ಬಾರಿಸುವ 1987ರ ಎಸ್‌ಪಿ-1200 ಯಂತ್ರದಲ್ಲಿ ಒಟ್ಟು ಹತ್ತು ಸೆಕೆಂಡಿನಷ್ಟೇ ಜಾಗ ಇತ್ತು, ಹಾಗಾಗಿ ಪ್ಲೇಟನ್ನು ಜೋರಾಗಿ ಓಡಿಸಿ ತುಂಬಿಕೊಂಡು ಒಳಗೆ ಹೋದ ಮೇಲೆ ನಿಧಾನ ಮಾಡುತ್ತಿದ್ದರು. ಆ ಕಾಲದ ಹಾಡುಗಳ ಗರಗರ ಸದ್ದಿಗೆ ಅದೂ ಒಂದು ಕಾರಣ.

ಗುರುವಾರದ ಗಿರಾಕಿ:
ಸುಮ್ನೆ ಒಂದು ವಿಷಯ ಹೇಳಿ ಹೋಗುತ್ತೇನೆ. ಅಮೆರಿಕದ ಬ್ಲ್ಯಾಕ್ ಐಡ್ ಪೀಸ್ ತಂಡ 2003ರಲ್ಲಿ ಬಿಟ್ಟ 'ದಿ ಎಲಿಫಂಕ್ ಥೀಮ್' ಕೇಳಿ. ಅದರಲ್ಲಿರುವುದು ಇಳಯರಾಜ! ರಜನಿಕಾಂತ್ ರಾಯರಾಗಿ ನಟಿಸಿದ ತಮಿಳಿನ 'ಶ್ರೀ ರಾಘವೇಂದ್ರ' ಸಿನಿಮಾದ 'ಉನಕ್ಕುಂ ಎನಕ್ಕುಂ' ಹಾಡು. ವಾರವಾರ ಮಠಕ್ಕೆ ಹೋಗುವವನು ನಾನು, ಗೊತ್ತಾದ ದಿನ ಬಸ್ಸಿನಲ್ಲಿ ಒಬ್ಬನೇ ನಕ್ಕಿದ್ದೆ.

ಲೇಬಲ್ ಇಲ್ಲದ ಪ್ಲೇಟು:
ಸಿಕ್ಕರೂ ಇಲ್ಲಿ ಹೆಸರು ಹಾಕಬೇಡಿ, ದಯವಿಟ್ಟು. ಮಿಕ್ಸ್‌ಟೇಪ್ ಮಾಡುವ ಹುಡುಗರು ಹಳೇ ಹಾಡಿನವರ ಪರ್ಮಿಷನ್ ತೆಗೆದುಕೊಂಡಿರುವುದಿಲ್ಲ, ನಾವು ಇಲ್ಲಿ ಡಂಗುರ ಹೊಡೆದರೆ ಅಲ್ಲಿ ನೋಟಿಸ್ ಬರುತ್ತದೆ. ಗುಟ್ಟು ಕಾಯುವುದು ಈ ಸಂಗೀತ ಹುಟ್ಟಿದಾಗಿನಿಂದ ಇದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮೊದಮೊದಲ ಡಿಜೆ ಕೂಲ್ ಹರ್ಕ್ ಪ್ಲೇಟಿನ ಲೇಬಲ್ ನೆನೆಸಿ ಕಿತ್ತುಬಿಡುತ್ತಿದ್ದರು, ಬೇರೆ ಡಿಜೆಗಳು ನೋಡಬಾರದು ಅಂತ.

ಮೂವತ್ಮೂರು ಸುತ್ತು:
ಇದನ್ನು ನಾನು ಒಪ್ಪಲ್ಲ. ಹರ್ಕ್ ಲೇಬಲ್ ಕಿತ್ತದ್ದು ಪಕ್ಕದ ಬೀದಿಯ ಡಿಜೆಗೆ ಹೆದರಿ, ಹಾಡಿದವರ ದುಡ್ಡು ಉಳಿಸಿಕೊಳ್ಳಲು ಅಲ್ಲ. ಗ್ರೆಗರಿ ಕೋಲ್ಮನ್ 1969ರಲ್ಲಿ 'ಅಮೆನ್, ಬ್ರದರ್' ಹಾಡಿಗೆ ಬಾರಿಸಿದ ಆರೇಳು ಸೆಕೆಂಡಿನ ಡ್ರಮ್ ಸಾವಿರಾರು ಹಾಡುಗಳಲ್ಲಿದೆ. ಆ ಮನುಷ್ಯ ಅದರಿಂದ ಕಾಸು ಕಾಣದೆ, ಇರಲು ಮನೆಯೂ ಇಲ್ಲದೆ 2006ರಲ್ಲಿ ಸತ್ತರು. 'ಅಡಿಕ್ಟಿವ್' ಸಿಡಿಯಲ್ಲೂ ಆ ಲತಾ ಹಾಡಿಗೆ ಸಂಗೀತ ಕೊಟ್ಟ ಬಪ್ಪಿ ಲಾಹಿರಿ ಹೆಸರು ಇರಲಿಲ್ಲ; ಅವರು ಕೇಸು ಹಾಕಿದ ಮೇಲೆ, ಹೆಸರು ಹಾಕದೆ ಮಾರಬೇಡಿ ಅಂತ 2003ರಲ್ಲಿ ಕೋರ್ಟೇ ಹೇಳಬೇಕಾಯಿತು. ಹುಡುಗರ ಮೇಲೆ ಕನಿಕರ ಸರಿ. ಹಾಡಿದವರ ಮೇಲೂ ಸ್ವಲ್ಪ ಇರಲಿ.

ಬೀಟ್‌ಮರುಳ:
ವೇಗ ಇಳಿಸಿದೆ. ಅಯ್ಯೋ, ಹೆಂಗಸೇ ಅಲ್ಲ, ಗಂಡಸು! "ಮೊದಲೇ ಸರಿಯಾಗಿ ಕೇಳಿಸಬಾರದಾ" ಅಂತ ಅಮ್ಮ ನನಗೇ ಬೈದರು. ಆ್ಯಪ್ ಇನ್ನೂ ಬಾಯಿ ಬಿಟ್ಟಿಲ್ಲ, ಮೇಲೆ ಡ್ರಮ್ ಜಾಸ್ತಿ ಇದೆ. ಅಮ್ಮ ಮಾತ್ರ ಮಧ್ಯಾಹ್ನದಿಂದ ಅದೇ ನಾಲ್ಕು ಸೆಕೆಂಡು ಗುನುಗುತ್ತಾ ಓಡಾಡುತ್ತಿದ್ದಾರೆ, ನಾಲಿಗೆ ತುದಿಯಲ್ಲೇ ಇದೆಯಂತೆ.