ಸೆರಾಂಪುರ ಬಿ.ಡಿ. ಪದವಿ: ಬಲ್ಮಠದಲ್ಲಿ ಓದುವುದೋ, ಬೆಂಗಳೂರಿನಲ್ಲೋ?

ಪ್ರಶ್ನೆ – ಬೆಟಗೇರಿಯ ಓದುಗ

ಎಲ್ಲರಿಗೂ ವಂದನೆಗಳು. ನಾನು ಬಿ.ಕಾಂ. ಮುಗಿಸಿ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರಾಟೆಸ್ಟೆಂಟ್ ಚರ್ಚ್) ಸಭೆಯಲ್ಲಿ ಬೆಳೆದವನು. ಸಂಡೇ ಸ್ಕೂಲಿನಲ್ಲಿ ಕೆಲವು ಕಾಲದಿಂದ ಪಾಠ ಹೇಳುತ್ತಿದ್ದು, ದೇವಶಾಸ್ತ್ರವನ್ನು ಕ್ರಮವಾಗಿ ಓದಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ, ದೇವಶಾಸ್ತ್ರದ ಮೊದಲ ಪದವಿ) ಪಡೆಯಬೇಕೆಂಬ ಆಸೆ ಬಲವಾಗಿದೆ. ನಮ್ಮ ಸಭಾಪಾಲಕರಾದ ಅಯ್ಯನವರನ್ನು ಕೇಳಿದಾಗ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಹೆಸರು ಹೇಳಿದರು. ಬೆಂಗಳೂರಿನಲ್ಲಿರುವ ನನ್ನ ಸೋದರಮಾವ ಮಾತ್ರ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿಗೇ ಸೇರು, ಅಲ್ಲಿಯ ಪದವಿಗೆ ಬೆಲೆ ಹೆಚ್ಚು ಎನ್ನುತ್ತಾರೆ. ಎರಡೂ ಕಡೆ ಪದವಿ ಕೊಡುವುದು ಬಂಗಾಳದ ಸೆರಾಂಪುರ ಎಂದು ಕೇಳಿದ್ದೇನೆ. ಹಾಗಿದ್ದ ಮೇಲೆ ಬೆಲೆಯಲ್ಲಿ ವ್ಯತ್ಯಾಸ ಹೇಗೆ ಬರುತ್ತದೆ? ಈ ಪದವಿಗೆ ಸರ್ಕಾರದ ಮಾನ್ಯತೆ ಇದೆಯೇ? ಕನ್ನಡದಲ್ಲಿ ಓದಿದರೆ ಮುಂದೆ ಎಂ.ಟಿಎಚ್.ಗೆ (ದೇವಶಾಸ್ತ್ರದ ಸ್ನಾತಕೋತ್ತರ ಪದವಿಗೆ) ತೊಂದರೆಯಾಗುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ – ನಿವೃತ್ತ ಇತಿಹಾಸ ಅಧ್ಯಾಪಕ

ನಿಮ್ಮ ಮಾವನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮೊದಲು ವ್ಯವಸ್ಥೆ ಹೇಗಿದೆ ಎಂಬುದನ್ನು ನೋಡೋಣ.

ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ ಅವರು ಸೆರಾಂಪುರ ಕಾಲೇಜನ್ನು ಸ್ಥಾಪಿಸಿದ್ದು 1818ರಲ್ಲಿ. ಆಗ ಆ ಊರು ಬ್ರಿಟಿಷರ ಕೈಯಲ್ಲಿರಲಿಲ್ಲ, ಡೆನ್ಮಾರ್ಕಿನ ವಸಾಹತಾಗಿತ್ತು. ಆದ್ದರಿಂದಲೇ 1827ರಲ್ಲಿ ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕ್ ರಾಜಸನ್ನದಿನ ಮೂಲಕ ಆ ಕಾಲೇಜಿಗೆ ಪದವಿ ನೀಡುವ ಅಧಿಕಾರ ಕೊಟ್ಟನು. ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿದ್ದು 1857ರಲ್ಲಿ ಎಂಬುದನ್ನು ನೆನೆದರೆ ಇದು ಎಷ್ಟು ಮುಂಚಿನ ಮಾತೆಂದು ತಿಳಿಯುತ್ತದೆ. 1845ರಲ್ಲಿ ಡೇನರು ಆ ಊರನ್ನು ಬ್ರಿಟಿಷರಿಗೆ ಮಾರಿದಾಗಲೂ ಸನ್ನದಿನ ಹಕ್ಕುಗಳು ಉಳಿದುಕೊಂಡವು. ಆದರೆ ದೇವಶಾಸ್ತ್ರದ ಪದವಿಗಳನ್ನು ನಿಜವಾಗಿ ಕೊಡಲು ಆರಂಭಿಸಿದ್ದು 1915ರಲ್ಲಿ. 1918ರಲ್ಲಿ ಬಂಗಾಳದ ಶಾಸನಸಭೆ ಸೆರಾಂಪುರ ಕಾಲೇಜು ಕಾಯ್ದೆಯನ್ನು ಅಂಗೀಕರಿಸಿ ಸೆನೆಟ್ ಎಂಬ ಮಂಡಳಿಯನ್ನು ರಚಿಸಿತು. ಬೇರೆ ಊರುಗಳ, ಬೇರೆ ಸಭೆಗಳ ಕಾಲೇಜುಗಳನ್ನು ಸಂಯೋಜನೆಗೆ ಸೇರಿಸಿಕೊಳ್ಳುವ ದಾರಿಯೂ ಆ ಕಾಯ್ದೆಯಿಂದ ತೆರೆಯಿತು. ಅದೇ ಕಾಲೇಜಿನ ಕಲಾ ಮತ್ತು ವಿಜ್ಞಾನ ವಿಭಾಗಗಳು ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಸೇರಿರುವುದರಿಂದ ಎರಡನ್ನೂ ಒಂದೇ ಎಂದು ಭಾವಿಸಬಾರದು.

ಇಂದು ಕೊಟ್ಟಾಯಂನ ಆರ್ಥಡಾಕ್ಸ್ ಸೆಮಿನರಿ, ಚೆನ್ನೈನ ಗುರುಕುಲ ಲೂಥರನ್ ಕಾಲೇಜು, ಮಧುರೆಯ ತಮಿಳುನಾಡು ಥಿಯಾಲಾಜಿಕಲ್ ಸೆಮಿನರಿ, ಪುಣೆಯ ಯೂನಿಯನ್ ಬಿಬ್ಲಿಕಲ್ ಸೆಮಿನರಿ, ಅಸ್ಸಾಮಿನ ಜೋರ್ಹಾಟದ ಈಸ್ಟರ್ನ್ ಥಿಯಾಲಾಜಿಕಲ್ ಕಾಲೇಜು, ಇವೆಲ್ಲ ಒಂದೇ ಸೆನೆಟ್ಟಿನ ಅಡಿಯಲ್ಲಿವೆ. ಆರಾಧನಾ ಕ್ರಮದಲ್ಲಿಯೂ ನಂಬಿಕೆಯ ಒತ್ತುಗಳಲ್ಲಿಯೂ ಒಂದಕ್ಕೊಂದು ಹೋಲದ ಸಭೆಗಳು ಪಠ್ಯಕ್ರಮದ ವಿಷಯದಲ್ಲಿ ಒಂದೇ ಮೇಜಿನ ಸುತ್ತ ಕುಳಿತಿರುವುದು ನನ್ನ ದೃಷ್ಟಿಯಲ್ಲಿ ಸಣ್ಣ ಸಾಧನೆಯಲ್ಲ. ಘಟಿಕೋತ್ಸವವನ್ನೂ ವರ್ಷಕ್ಕೊಂದು ಕಾಲೇಜಿನ ಆತಿಥ್ಯದಲ್ಲಿ ನಡೆಸುತ್ತಾರೆ. ಆದ್ದರಿಂದ ಪ್ರಮಾಣಪತ್ರದ ಮಟ್ಟಿಗೆ ಬಲ್ಮಠದ ಬಿ.ಡಿ.ಗೂ ಬೆಂಗಳೂರಿನ ಬಿ.ಡಿ.ಗೂ ಭೇದವಿಲ್ಲ.

ಮಾನ್ಯತೆಯ ವಿಚಾರ ಸ್ವಲ್ಪ ಸೂಕ್ಷ್ಮವಾದುದು. ಸೆನೆಟ್ಟಿನ ಅಧಿಕಾರಕ್ಕೆ ಶಾಸನದ ಆಧಾರವಿದೆ, ಸಭೆಗಳು ಅದನ್ನು ಪೂರ್ಣವಾಗಿ ಒಪ್ಪುತ್ತವೆ. ಆದರೆ ಬಿ.ಡಿ.ಯನ್ನು ನೆಚ್ಚಿಕೊಂಡು ಸರ್ಕಾರಿ ನೌಕರಿಗೆ ಅರ್ಜಿ ಹಾಕುವ ಯೋಚನೆಯಿದ್ದರೆ ಅದನ್ನು ಈಗಲೇ ಬಿಡುವುದು ಒಳ್ಳೆಯದು. ಸಾಮಾನ್ಯ ವಿಶ್ವವಿದ್ಯಾಲಯದಲ್ಲಿ ಮುಂದಿನ ಓದಿಗೆ ಇದನ್ನು ಪರಿಗಣಿಸುತ್ತಾರೆಯೇ ಎಂಬುದನ್ನು ಆಯಾ ವಿಶ್ವವಿದ್ಯಾಲಯದಿಂದಲೇ ಲಿಖಿತವಾಗಿ ತಿಳಿದುಕೊಳ್ಳಬೇಕು. ಕ್ರೈಸ್ತ ಧರ್ಮವನ್ನು ಶೈಕ್ಷಣಿಕ ವಿಷಯವಾಗಿ ಮಾತ್ರ ಓದುವ ಇಚ್ಛೆಯುಳ್ಳವರಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಅದಕ್ಕೆಂದೇ ಅಧ್ಯಯನ ವಿಭಾಗವಿದೆ.

ಉತ್ತರ – ಬಲ್ಮಠದ ಹಳೆಯ ವಿದ್ಯಾರ್ಥಿ, ಸಭಾಪಾಲಕ

ಅಧ್ಯಾಪಕರು ಹೇಳಿದ್ದಕ್ಕೆ ನನ್ನ ಸಹಮತವಿದೆ. ಆದರೆ ಅವರು ಮುಟ್ಟದ ಒಂದು ಮಾತು ನಿಮ್ಮ ಆಯ್ಕೆಗೆ ಮುಖ್ಯವಾದುದು. ಪದವಿ ಕೊಡುವುದು ಸೆನೆಟ್, ಕೆಲಸ ಕೊಡುವುದು ಡಯಾಸಿಸ್, ಅಂದರೆ ಬಿಷಪ್ಪರ ಆಡಳಿತಕ್ಕೆ ಸೇರಿದ ಸಭಾ ಪ್ರಾಂತ್ಯ. ನಿಮ್ಮ ಊರು ಕರ್ನಾಟಕ ಉತ್ತರ ಡಯಾಸಿಸ್ಸಿಗೆ ಸೇರಿದೆ, ಅದರ ಕಚೇರಿ ಧಾರವಾಡದಲ್ಲಿದೆ. ಅಭ್ಯರ್ಥಿಯಾಗಿ ನಿಮ್ಮನ್ನು ಆರಿಸಿ, ಪ್ರಾಯೋಜಿಸಿ, ಓದು ಮುಗಿದ ಮೇಲೆ ಸಭೆಯೊಂದಕ್ಕೆ ಕಳುಹಿಸಿ, ತಕ್ಕ ಕಾಲದಲ್ಲಿ ಸಭಾಪಾಲಕರಾಗಿ ದೀಕ್ಷೆ ಕೊಡುವವರು ಡಯಾಸಿಸ್ಸಿನವರೇ. ಸ್ವಂತ ಖರ್ಚಿನಲ್ಲಿ ಬಿ.ಡಿ. ಮುಗಿಸಿಕೊಂಡು ಬಂದು, ಅನಂತರ ಯಾವ ಡಯಾಸಿಸ್ಸಿನಲ್ಲೂ ಸ್ಥಾನ ಸಿಗದೆ ಪರದಾಡಿದವರನ್ನು ನಾನು ಕಂಡಿದ್ದೇನೆ.

ಪದವೀಧರರಿಗೆ ಬಿ.ಡಿ. ನಾಲ್ಕು ವರ್ಷ. ಕೆಲವು ಪತ್ರಿಕೆಗಳ ಪರೀಕ್ಷೆಯನ್ನು ಸೆನೆಟ್ಟೇ ನಡೆಸುತ್ತದೆ, ಉಳಿದವನ್ನು ಕಾಲೇಜು ತಾನೇ ನಡೆಸಿ ಅಂಕ ಕೊಡುತ್ತದೆ. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಕ್ರೈಸ್ತ ದೇವಶಾಸ್ತ್ರ, ಸಭಾ ಚರಿತ್ರೆ, ಇತರ ಧರ್ಮಗಳು, ಸಭಾಪಾಲನೆ, ಸಮಾಜ ವಿಶ್ಲೇಷಣೆ, ಮಹಿಳಾ ಅಧ್ಯಯನ, ದಲಿತ ದೇವಶಾಸ್ತ್ರ, ಹೀಗೆ ಹರವು ದೊಡ್ಡದು. ಭಾನುವಾರಗಳಲ್ಲಿ ಸುತ್ತಲಿನ ಸಭೆಗಳಿಗೆ ಕಳುಹಿಸುತ್ತಾರೆ. ವಾರವಿಡೀ ಬೈಬಲ್ಲಿನ ಪ್ರವಾದಿ ಆಮೋಸನ ಕಾಲದ ಧಾನ್ಯ ವ್ಯಾಪಾರಿಗಳ ಸುಳ್ಳು ತಕ್ಕಡಿಯ ಬಗ್ಗೆ ಟಿಪ್ಪಣಿ ಬರೆದವನು ಭಾನುವಾರ ಅದನ್ನೇ ಹತ್ತು ನಿಮಿಷದಲ್ಲಿ, ಬೀಡಿ ಕಟ್ಟುವ ತಾಯಂದಿರಿಗೆ ಮುಟ್ಟುವಂತೆ ಹೇಳಬೇಕಾಗುತ್ತದೆ. ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಅದೇ ಆಗಿತ್ತು.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ: ಬದುಕಿಡೀ ಯಾವ ಭಾಷೆಯಲ್ಲಿ ಪ್ರಸಂಗ (ಧರ್ಮಬೋಧೆ) ಮಾಡುವಿರೋ ಆ ಭಾಷೆಯಲ್ಲಿ ಮೊದಲ ಪದವಿಯನ್ನು ಓದಿ. ಹೊಸ ಒಡಂಬಡಿಕೆಯ ಮೂಲವಾದ ಗ್ರೀಕ್ ಭಾಷೆಗೆ ಹೆದರುವವರು ಬಹಳ. ಆದರೆ ಹೈಸ್ಕೂಲಿನಲ್ಲಿ ವಿಭಕ್ತಿ ಪ್ರತ್ಯಯ ಕಲಿತ ಕನ್ನಡಿಗನಿಗೆ ಅದು ಪರಕೀಯವೆನಿಸುವುದಿಲ್ಲ. ಲೋಗೋಸ್, ಲೋಗೂ, ಲೋಗೋ, ಲೋಗೊನ್ ಎಂಬ ರೂಪಗಳನ್ನು ಕಪ್ಪು ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಮಾತು, ಮಾತಿನ, ಮಾತಿಗೆ, ಮಾತನ್ನು ಎಂದು ಬರೆದರೆ ಅರ್ಧ ಪಾಠ ಅಲ್ಲಿಗೇ ಮುಗಿಯುತ್ತದೆ. ಇದೇ ಪಾಠವನ್ನು ಇಂಗ್ಲಿಷಿನ ಮೂಲಕ ಕಲಿಯುವವನು ಮೊದಲು ವಿಭಕ್ತಿ ಎಂದರೇನೆಂದು ತಿಳಿಯಲು ಒದ್ದಾಡುತ್ತಾನೆ.

ಬಲ್ಮಠದ ಕಾಲೇಜು ಈಗಿನ ರೂಪಕ್ಕೆ ಬಂದದ್ದು 1965ರಲ್ಲಿ. ಆದರೆ ಆ ಗುಡ್ಡದ ಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ದೇವಶಾಸ್ತ್ರ ಕಲಿಸಲು ತೊಡಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲೇ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ನಿಘಂಟು ಪ್ರಕಟಿಸಿದ ಕಿಟೆಲ್, ಇವರೆಲ್ಲ ಆ ಮಿಷನ್ನಿನವರು. ಕಾಲೇಜಿನ ದಾಖಲೆ ಸಂಗ್ರಹದಲ್ಲಿ ಆ ಕಾಲದ ಕನ್ನಡ ಮುದ್ರಣಗಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಸಂಶೋಧನೆಯ ಕಡೆ ಒಲವಿದ್ದರೆ ಇದು ಸಣ್ಣ ಲಾಭವಲ್ಲ.

ಮರುಪ್ರಶ್ನೆ – ಬೆಟಗೇರಿಯ ಓದುಗ

ಅಯ್ಯನವರಿಗೂ ಮೇಷ್ಟ್ರಿಗೂ ಧನ್ಯವಾದಗಳು. ಎಂ.ಟಿಎಚ್. ವಿಚಾರವನ್ನು ಯಾರಾದರೂ ತಿಳಿಸುವಿರಾ? ತಂದೆಯವರ ಆರೋಗ್ಯ ಸರಿಯಿಲ್ಲದ ಕಾರಣ ತಕ್ಷಣ ಕೆಲಸ ಬಿಟ್ಟು ಹಾಸ್ಟೆಲ್ ಸೇರುವುದೂ ಕಷ್ಟವಾಗಿದೆ.

ಉತ್ತರ – ಬೆಂಗಳೂರಿನ ಶಾಲಾ ಶಿಕ್ಷಕಿ

ತಮ್ಮಾ, ಎಂ.ಟಿಎಚ್. ಎರಡು ವರ್ಷದ್ದು. ಅಲ್ಲಿ ಓದುವ ಗ್ರಂಥಗಳೂ ಬರೆಯುವ ಪ್ರಬಂಧವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಇರುತ್ತವೆ. ನಿಮ್ಮ ಮಾವನವರ ಮಾತಿನ ಉಳಿದರ್ಧ ಸತ್ಯ ಇರುವುದು ಇಲ್ಲಿಯೇ. 1910ರಲ್ಲಿ ಆರಂಭವಾದ ಬೆಂಗಳೂರಿನ ಕಾಲೇಜಿನ ಗ್ರಂಥಾಲಯ ಮತ್ತು ದಾಖಲೆ ಸಂಗ್ರಹ ದೊಡ್ಡವು, ದೇಶದ ಎಲ್ಲ ಮೂಲೆಗಳಿಂದ ಸಹಪಾಠಿಗಳು ಬರುತ್ತಾರೆ, ನಾಗಾಲ್ಯಾಂಡಿನವರ ಪಕ್ಕದಲ್ಲಿ ಕುಳಿತು ವಾದ ಮಾಡುವ ಅವಕಾಶ ಸಿಗುತ್ತದೆ. ಕನ್ನಡದಲ್ಲಿ ಬಿ.ಡಿ. ಓದುವವರು ನಾಲ್ಕು ವರ್ಷವೂ ದಿನಕ್ಕಿಷ್ಟು ಪುಟ ಎಂದು ಇಂಗ್ಲಿಷ್ ಗ್ರಂಥಗಳನ್ನು ಓದುವ ರೂಢಿ ಇಟ್ಟುಕೊಂಡರೆ ಮುಂದೆ ಎಡವುವುದಿಲ್ಲ. ರೂಢಿ ಇಟ್ಟುಕೊಳ್ಳದವರಿಗೆ ಮೊದಲ ವರ್ಷ ಬಹಳ ಕಷ್ಟ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮನೆಯ ಪರಿಸ್ಥಿತಿ ಹೀಗಿರುವಾಗ ಹಾಸ್ಟೆಲಿಗೆ ಅವಸರಪಡಬೇಡಿ. ಸೆನೆಟ್ಟೇ ಸಭೆಯ ಸಾಮಾನ್ಯ ಸದಸ್ಯರಿಗೆಂದು ಮನೆಯಲ್ಲಿದ್ದೇ ಓದುವ ಡಿಪ್ಲೊಮಾ ಮತ್ತು ಬಿ.ಸಿ.ಎಸ್. ಎಂಬ ಕ್ರೈಸ್ತ ಅಧ್ಯಯನ ಪದವಿಯನ್ನು ನಡೆಸುತ್ತದೆ. ನಾನು ಶಾಲೆಯ ಕೆಲಸ ಮಾಡುತ್ತಲೇ ಓದಿದ್ದು ಅದನ್ನೇ. ಹೋಂವರ್ಕ್ ತಿದ್ದುವ ಮೇಜಿನ ಮೇಲೆ ಬೈಬಲ್ಲಿನ ರೋಮಾಪುರದವರಿಗೆ ಬರೆದ ಪತ್ರಿಕೆಯನ್ನೂ ಹರಡಿಕೊಂಡು ಕೂರುತ್ತಿದ್ದೆ. ಪಾಠ ಹೇಳುವವರು ಎದುರಿಗಿಲ್ಲದಿರುವುದರಿಂದ ಸಂಶಯ ಬಂದಾಗ ಬಗೆಹರಿಸಿಕೊಳ್ಳಲು ಒಬ್ಬ ತಿಳಿದವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನಿಮ್ಮ ಅಯ್ಯನವರೇ ಆಗಬಹುದು. ಬಿ.ಸಿ.ಎಸ್. ಮುಗಿದ ಮಾತ್ರಕ್ಕೆ ದೀಕ್ಷೆ ಸಿಗುವುದಿಲ್ಲ, ಅದು ಡಯಾಸಿಸ್ಸಿನ ತೀರ್ಮಾನ. ಆದರೆ ಈ ಓದು ನಿಮಗೆ ಒಗ್ಗುತ್ತದೆಯೇ ಎಂಬುದು ನೌಕರಿ ಬಿಡುವ ಮೊದಲೇ ತಿಳಿಯುತ್ತದೆ.

ಕೊನೆಯದಾಗಿ, ಮಾಹಿತಿ ಹುಡುಕುವಾಗ ಹೆಸರುಗಳಲ್ಲಿ ಗೊಂದಲವಾಗದಿರಲಿ. ಬೆಂಗಳೂರಿನ ಧರ್ಮಾರಾಮ್ ಮತ್ತು ಸಂತ ಪೇತ್ರರ ಗುರುಮಠ ಕಥೋಲಿಕ ಸಂಸ್ಥೆಗಳು, ಅವುಗಳ ಪದವಿಗೆ ರೋಮಿನ ಮಾನ್ಯತೆ. ಇನ್ನು ಹಲವು ಬೈಬಲ್ ಕಾಲೇಜುಗಳು ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್ನಿನ ಮಾನ್ಯತೆ ಪಡೆದಿರುತ್ತವೆ, ಅದು ಸೆರಾಂಪುರ ಸೆನೆಟ್ಟಿನ ಸಂಯೋಜನೆಯಲ್ಲ. ಶುಲ್ಕ ಕಟ್ಟುವ ಮೊದಲು ಪದವಿ ಯಾರು ಕೊಡುತ್ತಾರೆ ಎಂದು ಕೇಳಿ, ಆ ಪದವಿಯನ್ನು ಧಾರವಾಡದ ಕಚೇರಿ ಒಪ್ಪುತ್ತದೆಯೇ ಎಂಬುದನ್ನು ಅಲ್ಲಿಗೇ ಹೋಗಿ ವಿಚಾರಿಸಿ.