ಕಾಗೇರಿಯವರು ಆರು ಸಲ ಶಾಸಕರು. ಅವರ ನಿಲುವು ಏನಿತ್ತು ಅಂತ ಹೇಳುವವರು ಇದ್ದೀರಾ?

ತೋಟದಕಡೆ:
ಶಿರಸಿ ಪಕ್ಕದ ಹಳ್ಳಿ ನಮ್ಮದು. ತಂಗಿಗೆ ಕಾಲೇಜಿನಲ್ಲಿ ನಮ್ಮ ಕಡೆಯ ಒಬ್ಬ ಶಾಸಕರ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ. ವಿಶ್ವೇಶ್ವರ ಹೆಗಡೆ ಕಾಗೇರಿಯವರನ್ನು ಆರಿಸಿಕೊಂಡಿದ್ದಾಳೆ. ಈಗ ಅವರು ಸಂಸದರು, ಆದರೆ ಬೇಕಿರುವುದು ಶಾಸಕರಾಗಿದ್ದ ಕಾಲದ್ದು. ಅಪ್ಪನನ್ನು ಕೇಳಿದರೆ "ಒಳ್ಳೇ ಮನುಷ್ಯ" ಅಂದರು, ಎದುರುಮನೆ ಅಣ್ಣ ಬರೀ ನಕ್ಕರು. ಇಷ್ಟರಲ್ಲಿ ಭಾಷಣ ಆಗಲ್ಲ ಅಲ್ವಾ?

ಬೇಲೆಗಾಳಿ:
ಮೊದಲು ಅವರು ನಮ್ಮ ಶಾಸಕರು ಮಾರಾಯ್ರೆ, ಆಮೇಲೆ ನಿಮ್ಮವರು! 1994, 1999, 2004, ಮೂರೂ ಸಲ ಗೆದ್ದಿದ್ದು ಅಂಕೋಲೆಯಿಂದ. ಘಟ್ಟದ ಮೇಲಿನವರು ಕೆಳಗೆ ಬಂದು ಯಾಕೆ ನಿಂತರು ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ. ಆಗ ಶಿರಸಿ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕ್ಷೇತ್ರ. 2008ರಲ್ಲಿ ಗಡಿ ಬದಲಾಯಿತು, ಅಂಕೋಲೆ ಕಾರವಾರದ ಜೊತೆ ಸೇರಿತು, ಶಿರಸಿ-ಸಿದ್ದಾಪುರ ಸಾಮಾನ್ಯ ಕ್ಷೇತ್ರ ಆಯಿತು, ಅವರು ತಮ್ಮೂರಿನ ಕ್ಷೇತ್ರಕ್ಕೆ ಮರಳಿದರು. 2008, 2013, 2018 ಅಲ್ಲಿ ಗೆಲುವು. 2023ರಲ್ಲಿ ಕಾಂಗ್ರೆಸ್ಸಿನ ಭೀಮಣ್ಣ ನಾಯ್ಕರ ಎದುರು ಸೋಲು.

ನಿವೃತ್ತ ಮಾಸ್ತರ:
ತಂಗೀ, ಇಸವಿ ಹೇಳಿದರೆ ಎರಡು ನಿಮಿಷ ಮುಗಿಯಿತು. ಉಳಿದ ಮೂರಕ್ಕೆ ಶಿಕ್ಷಣ ಮಂತ್ರಿಯಾಗಿದ್ದ ಕಾಲ ನೋಡು, 2008ರಿಂದ 2013. ಯಡಿಯೂರಪ್ಪ, ಸದಾನಂದ ಗೌಡ, ಶೆಟ್ಟರ್ ಅಂತ ಮುಖ್ಯಮಂತ್ರಿ ಬದಲಾದರು, ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಖಾತೆ ಇವರ ಹತ್ತಿರವೇ ಉಳಿಯಿತು. ಮಕ್ಕಳು ತೀರಾ ಕಡಿಮೆ ಇರುವ ಶಾಲೆಗಳನ್ನು ಹತ್ತಿರದ ಶಾಲೆಗೆ ಸೇರಿಸುವ ಮಾತು ಜೋರಾಗಿದ್ದು ಆಗಲೇ. ಕಾಗದದ ಮೇಲೆ ಸರಿ ಕಾಣುತ್ತದೆ, ನಾಲ್ಕು ಮಕ್ಕಳಿಗೆ ಒಬ್ಬ ಮಾಸ್ತರ ಯಾಕೆ ಅಂತ. ಆದರೆ ನಮ್ಮ ಕಡೆ "ಹತ್ತಿರದ ಶಾಲೆ" ಅಂದರೆ ಜುಲೈ ತಿಂಗಳಲ್ಲಿ ಅಡಿಕೆ ಮರದ ಸಂಕ (ಹಳ್ಳ ದಾಟುವ ಕಾಲುಸೇತುವೆ) ದಾಟಿ, ಉಂಬಳ (ಜಿಗಣೆ) ಕಿತ್ತುಕೊಳ್ಳುತ್ತಾ ಹೋಗುವ ಶಾಲೆ. ಆರು ವರ್ಷದ ಮಗು ಹಾಗೆ ಹೋಗುತ್ತದಾ? ನಾನು ಆ ವಿಷಯದಲ್ಲಿ ಅವರ ಕಡೆ ಅಲ್ಲ. ಇನ್ನೊಂದು, ಮಕ್ಕಳಿಗೆ ಭಗವದ್ಗೀತೆ ಕಲಿಸುವ 2011ರ ಗೀತಾ ಅಭಿಯಾನ. ನಮ್ಮ ಸೋಂದಾ ಸ್ವರ್ಣವಲ್ಲಿ ಮಠದ್ದು. ಶಾಲೆಗಳಲ್ಲಿ ಅದು ಬೇಡ ಅಂತ ವಿರೋಧ ಬಂತು, ಮಂತ್ರಿಯಾಗಿ ಇವರು ಅಭಿಯಾನದ ಪರ ಗಟ್ಟಿಯಾಗಿ ನಿಂತರು. ಒಪ್ಪು ಬಿಡು, ಅವರ ನಿಲುವು ಏನು ಅಂತ ಅಲ್ಲಿ ಸ್ಪಷ್ಟ ಕಾಣುತ್ತದೆ.

ಕೊನೆಬೆಂಚು:
ಮಾಸ್ತರ್ರು ಸ್ಪೀಕರ್ ಕಾಲ ಬಿಟ್ಟರಲ್ಲ. 2019ರ ಜುಲೈನಲ್ಲಿ ಅವಿರೋಧ ಆಯ್ಕೆ. ಕೆಲವೇ ತಿಂಗಳಲ್ಲಿ ಖಾಸಗಿ ಚಾನೆಲ್ ಕ್ಯಾಮೆರಾಗಳನ್ನು ಸದನದಿಂದ ಹೊರಗಿಟ್ಟರು. ನನಗೆ ಅದು ಸರಿ ಕಾಣಲಿಲ್ಲ, ನಮ್ಮ ಶಾಸಕರು ಒಳಗೆ ನಿದ್ದೆ ಮಾಡುತ್ತಾರಾ ಮಾತಾಡುತ್ತಾರಾ ಅಂತ ನಾವು ನೋಡಬೇಡವಾ? ಅದೇ ಮನುಷ್ಯ 2020ರ ಮಾರ್ಚ್‌ನಲ್ಲಿ ಸಂವಿಧಾನದ ಮೇಲೆ ವಿಶೇಷ ಚರ್ಚೆ ಇಟ್ಟರು, ಅದು ಒಳ್ಳೇದಾಗಿತ್ತು. ಮರುವರ್ಷ "ಒಂದು ದೇಶ ಒಂದು ಚುನಾವಣೆ" ಚರ್ಚೆಗೆ ಇಟ್ಟಾಗ ಕಾಂಗ್ರೆಸ್ಸಿನವರು ಸದನದ ಬಾವಿಗೆ (ಸ್ಪೀಕರ್ ಪೀಠದ ಮುಂದಿನ ಜಾಗ) ಇಳಿದು ಗಲಾಟೆ. ಅಂದ ಹಾಗೆ ಸ್ಪೀಕರ್ ಆದವರು ಮುಂದಿನ ಸಲ ಸೋಲುತ್ತಾರೆ ಅಂತ ಒಂದು ಮಾತಿದೆ. 2018ರಲ್ಲಿ ಕೋಳಿವಾಡ, 2023ರಲ್ಲಿ ಇವರು. ಸುಮ್ನೆ ಹೇಳಿದೆ, ಭಾಷಣದಲ್ಲಿ ಹಾಕಬೇಡಿ.

ಬೇಲೆಗಾಳಿ:
ನಮ್ಮ ಉತ್ತರ ಕನ್ನಡ ಜಿಲ್ಲೆಗೆ ದೊಡ್ಡಾಸ್ಪತ್ರೆ ವಿಷಯ ಯಾರೂ ಎತ್ತಲಿಲ್ಲ. 2022ರ ಜುಲೈನಲ್ಲಿ ಶಿರೂರು ಟೋಲ್ ಹತ್ತಿರ ಹೊನ್ನಾವರದಿಂದ ರೋಗಿಯನ್ನು ಜಿಲ್ಲೆಯ ಹೊರಗೆ ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಉರುಳಿತಲ್ಲ, ಆಗ ಇಡೀ ಜಿಲ್ಲೆ ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ ಅಂದಿತ್ತು. ಪಕ್ಷ ಯಾವುದೇ ಇರಲಿ, ಆರೂ ಕ್ಷೇತ್ರದವರಿಗೆ ಕೇಳಬೇಕಾದ ಪ್ರಶ್ನೆ ಅದು.

ತೋಟದಕಡೆ:
ಎಲ್ಲರಿಗೂ ಥ್ಯಾಂಕ್ಸ್. ತಂಗಿ ಓದಿದಳು. ಸಂಕದಿಂದಲೇ ಶುರು ಮಾಡುತ್ತಾಳಂತೆ, ಇಸವಿಗಳನ್ನು ಕೊನೆಗೆ ಓಡಿಸಿ ಹೇಳುತ್ತಾಳಂತೆ. ಸ್ಪೀಕರ್ ಸೋಲುವ ಮಾತನ್ನೂ ಬರೆದುಕೊಂಡಿದ್ದಾಳೆ, ನಾನು ಹೇಳಿದರೆ ಕೇಳಲ್ಲ.